ಅಜ್ಜಿಯ ಮುಡಿಪಿನಿಂದ ಪ್ರದರ್ಶನದ ಮೇಜಿನವರೆಗೆ: ಅಪರೂಪದ ಇಸವಿಯ ನಾಣ್ಯ ಕೂಡಿಸುವ ಬಗೆ

ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ಹಳೆ ಮನೆ. ದೇವರ ಕೋಣೆಯ ಗೂಡಿನಲ್ಲಿ ಅಜ್ಜಿ ಕಟ್ಟಿಟ್ಟ ಒಂದು ಮುಡಿಪು ಇತ್ತು. ಅರಸಿನ ಬಟ್ಟೆಯ ಗಂಟು, ಒಳಗೆ ಹದಿನಾಲ್ಕು ಬೆಳ್ಳಿ ರೂಪಾಯಿ. ಅಜ್ಜಿ ತೀರಿಕೊಂಡ ಮೇಲೆ ಅಪ್ಪ ಹರಕೆಯ ಲೆಕ್ಕಕ್ಕೆ ಬೇರೆ ಹಣ ದೇವಸ್ಥಾನಕ್ಕೆ ಸಲ್ಲಿಸಿ, ಆ ನಾಣ್ಯಗಳನ್ನು ಮನೆಯಲ್ಲೇ ಉಳಿಸಿದರು. ದೀಪಾವಳಿಗೆ ಲಕ್ಷ್ಮೀಪೂಜೆಯಲ್ಲಿ ಇಡಬೇಕು ಅಂತ ನಾನು ಅವನ್ನೆಲ್ಲ ಹುಣಸೆಹುಳಿ, ಬೂದಿ ಹಾಕಿ ಕಾಲುದೀಪ ತಿಕ್ಕಿದ ಹಾಗೆ ತಿಕ್ಕಿದೆ. ಫಳಫಳ ಹೊಳೆದವು. ಮನೆಯವರೆಲ್ಲ ಮೆಚ್ಚಿದರು.

ಎಷ್ಟೋ ವರ್ಷಗಳ ನಂತರ ಒಬ್ಬ ಹಿರಿಯ ಸಂಗ್ರಾಹಕರು ಆ ನಾಣ್ಯಗಳನ್ನು ಲೆನ್ಸಿನಡಿ ಹಿಡಿದು ನನಗೆ ತೋರಿಸಿದರು. ಒಂದರ ಮೇಲೆ 1911 ಎಂದಿತ್ತು. ರಾಜನ ಕೆನ್ನೆ ತುಂಬ ಕೂದಲೆಳೆಯಂಥ ಗೀರುಗಳು, ಎಲ್ಲ ಒಂದೇ ದಿಕ್ಕಿಗೆ. ಬೂದಿಯ ಹರಳು ಹೋದ ದಾರಿ ಅದು. ನೂರು ವರ್ಷದಲ್ಲಿ ಬೆಳ್ಳಿಯ ಮೇಲೆ ಕೂತ ತೆಳು ಬೂದುಬಣ್ಣವನ್ನು ನಾನು ಒಂದು ಮಧ್ಯಾಹ್ನದಲ್ಲಿ ತೆಗೆದುಹಾಕಿದ್ದೆ. ಅದನ್ನು ವಾಪಸ್ ತರುವ ಉಪಾಯ ಯಾರ ಹತ್ತಿರವೂ ಇಲ್ಲ.

ಹಾಗಾಗಿ ಈ ಲೇಖನದ ಮೊದಲ ಮಾತು: ನಿಮ್ಮ ಮನೆಯಲ್ಲಿ ಹಳೆ ನಾಣ್ಯ ಇದ್ದರೆ ಇವತ್ತು ಅದನ್ನು ತೊಳೆಯಬೇಡಿ, ಉಜ್ಜಬೇಡಿ. ಮೊದಲು ಓದಿ. ಅದರ ಮೇಲೆ ಏನು ಬರೆದಿದೆ ಅಂತ ಓದಲು ಬಂದರೆ ಅರ್ಧ ಸಂಗ್ರಹ ಆದ ಹಾಗೆ.

1. ಒಂದೇ ಸಾಲು ಹಿಡಿಯಿರಿ

ಸಂಗ್ರಾಹಕರು ‘ಕೀ ಡೇಟ್’ ಅನ್ನುವ ಮಾತು ಬಳಸುತ್ತಾರೆ. ಒಂದೇ ಬಗೆಯ ನಾಣ್ಯವನ್ನು ವರ್ಷ ವರ್ಷವೂ ಅಚ್ಚು ಹಾಕಿರುತ್ತಾರೆ. ಅದರಲ್ಲಿ ಯಾವುದೋ ಒಂದು ವರ್ಷದ್ದು, ಯಾವುದೋ ಒಂದು ಟಂಕಸಾಲೆಯದ್ದು ಸಿಗುವುದೇ ಕಷ್ಟ. ಸಾಲು ಪೂರ್ತಿಯಾಗಲು ಆ ಒಂದಕ್ಕಾಗಿ ಕಾಯಬೇಕು. ಅದೇ ಕೀ ಡೇಟ್. ಸಾಲೇ ಇಲ್ಲದಿದ್ದರೆ ಕೀ ಡೇಟ್ ಅನ್ನುವ ಮಾತಿಗೆ ಅರ್ಥವೇ ಇಲ್ಲ, ಅಲ್ವಾ? ಕಂಡದ್ದನ್ನೆಲ್ಲ ಡಬ್ಬಿಗೆ ತುಂಬಿದರೆ ಯಾವುದು ಬಂತು, ಯಾವುದು ಬಾಕಿ ಅಂತ ಗೊತ್ತಾಗುವುದಿಲ್ಲ.

ಹೊಸಬರಿಗೆ ನನ್ನ ಸಲಹೆ ನಯಾ ಪೈಸೆ. 1957ರ ಏಪ್ರಿಲ್ 1ಕ್ಕೆ ದಶಮಾಂಶ ಪದ್ಧತಿ ಬಂತು, 1964ರಲ್ಲಿ ‘ನಯಾ’ ಅನ್ನುವ ಪದ ಬಿಟ್ಟುಹೋಯಿತು. ಸಣ್ಣ ಅವಧಿ, ಕಡಿಮೆ ಖರ್ಚು, ಮನೆಯ ಹಳೆ ಹುಂಡಿಯಲ್ಲೇ ಕಾಲು ಭಾಗ ಸಿಕ್ಕಿಬಿಡುತ್ತದೆ. ಸ್ವಲ್ಪ ಕೈ ಪಳಗಿದವರು ಬ್ರಿಟಿಷ್ ಇಂಡಿಯಾದ ರೂಪಾಯಿಗೆ ಹೋಗಬಹುದು. ಅದು 1835ರಲ್ಲಿ ನಾಲ್ಕನೇ ವಿಲಿಯಂನ ಮುಖದೊಂದಿಗೆ ಶುರುವಾಗಿ 1947ರ ಹುಲಿ ಚಿತ್ರದ ನಿಕಲ್ ರೂಪಾಯಿಯಲ್ಲಿ ಮುಗಿಯುತ್ತದೆ.

ನಮ್ಮ ಕಾಸರಗೋಡಿನವರಿಗೆ ಈ ಎರಡನೇ ಸಾಲು ಹೆಚ್ಚು ಹತ್ತಿರ. ಕೇರಳ ಅಂದ ಕೂಡಲೆ ತಿರುವಾಂಕೂರಿನ ಚಕ್ರ, ಕೊಚ್ಚಿಯ ಪುತ್ತನ್ ನೆನಪಾಗುತ್ತದೆ. ಆದರೆ 1956ರ ನವೆಂಬರ್ 1ರವರೆಗೆ ನಮ್ಮದು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು, ಮದರಾಸಿನ ಆಡಳಿತ. ಇಲ್ಲಿ ಅಡಿಕೆ, ತೆಂಗು ಮಾರಿ ಬಂದ ಹಣ ಅಂದರೆ ಬ್ರಿಟಿಷ್ ರೂಪಾಯಿ, ಅಣೆ, ಪೈ. ಆದ್ದರಿಂದ ನಮ್ಮ ಹಳೆ ಪೆಟ್ಟಿಗೆಗಳಲ್ಲಿ ಚಕ್ರ ಸಿಗುವುದಕ್ಕಿಂತ ವಿಕ್ಟೋರಿಯಾ ರಾಣಿ ಸಿಗುವ ಸಾಧ್ಯತೆ ಜಾಸ್ತಿ.

2. ಇಸವಿ ಮತ್ತು ಅದರ ಕೆಳಗಿನ ಗುರುತು

ಹತ್ತು ಪಟ್ಟು ದೊಡ್ಡದಾಗಿ ಕಾಣಿಸುವ ಲೆನ್ಸ್ ಒಂದು ಬೇಕು, ಅಕ್ಕಸಾಲಿಗರು ಕಣ್ಣಿಗೆ ಹಿಡಿಯುವಂಥದ್ದು. ಅಭ್ಯಾಸಕ್ಕೆ ಬೇರೇನೂ ಬೇಡ, ಈಗಲೇ ಜೇಬಿನ ಚಿಲ್ಲರೆ ಮೇಜಿನ ಮೇಲೆ ಸುರಿಯಿರಿ. ಇಸವಿಯ ಕೆಳಗೆ ನೋಡಿ. ವಜ್ರದಾಕಾರದ ಗುರುತು ಇದ್ದರೆ ಮುಂಬಯಿ. ನಕ್ಷತ್ರ ಇದ್ದರೆ ಹೈದರಾಬಾದ್. ದುಂಡನೆ ಚುಕ್ಕಿ ಇದ್ದರೆ ನೋಯ್ಡಾ; ಆ ಟಂಕಸಾಲೆ ಶುರುವಾದದ್ದು 1988ರಲ್ಲಿ. ಏನೂ ಇಲ್ಲದಿದ್ದರೆ ಕೋಲ್ಕತ್ತ. ಒಂದೇ ಇಸವಿಯ ಎರಡು ರೂಪಾಯಿ ಎರಡು ಬೇರೆ ನಾಣ್ಯ ಅನ್ನುವುದು ಆಗ ಕಣ್ಣಿಗೆ ಬೀಳುತ್ತದೆ.

1985ರ ಒಂದು ರೂಪಾಯಿ ಕೈಗೆ ಬಂದರೆ ಬಿಡಬೇಡಿ, ತಿರುಗಿಸಿ ನೋಡಿ. ಆ ವರ್ಷ ಚಿಲ್ಲರೆ ಸಾಲದೆ ಹೊರದೇಶದಲ್ಲೂ ಅಚ್ಚು ಹಾಕಿಸಿದರು. ಇಸವಿಯ ಕೆಳಗೆ ‘ಎಚ್’ ಅಕ್ಷರ ಇದ್ದರೆ ಅದು ಬರ್ಮಿಂಗ್‌ಹ್ಯಾಮಿನ ಹೀಟನ್ ಟಂಕಸಾಲೆಯದ್ದು. ಇಸವಿಯ ಮೊದಲ ಅಂಕಿಯ ಕೆಳಗೆ ವಜ್ರದ ಗುರುತು ಇದ್ದರೆ ಅದು ಮುಂಬಯಿಯದ್ದಲ್ಲ, ವೇಲ್ಸ್‌ನ ಲಾಂಟ್ರಿಸೆಂಟಿನ ರಾಯಲ್ ಮಿಂಟಿನದ್ದು. ಗುರುತು ಒಂದೇ, ಕೂತ ಜಾಗ ಬೇರೆ.

ಬ್ರಿಟಿಷರ ಕಾಲದಲ್ಲೂ ಇದೇ ಆಟ. ಕಲ್ಕತ್ತಕ್ಕೆ ಗುರುತಿಲ್ಲ. ಮುಂಬಯಿಗೆ ಒಮ್ಮೆ ಸಣ್ಣ ‘ಬಿ’ ಅಕ್ಷರ, ಇನ್ನೊಮ್ಮೆ ಹಿಂಬದಿಯ ಹೂಬಳ್ಳಿಯ ಹತ್ತಿರ ಉಬ್ಬಿದ ಚುಕ್ಕಿ. ಇವುಗಳಲ್ಲಿ ನನಗೆ ಅತಿ ಪ್ರೀತಿಯದ್ದು 1862ರ ವಿಕ್ಟೋರಿಯಾ ರೂಪಾಯಿ. 1863ರಿಂದ 1873ರವರೆಗೆ ಅಚ್ಚಾದ ರೂಪಾಯಿಗಳ ಮೇಲೂ 1862 ಎಂದೇ ಇದೆ, ನಿಜವಾದ ಇಸವಿ ಮತ್ತೆ ಬಂದದ್ದು 1874ರಲ್ಲಿ. ಹಾಗಾದರೆ ನಡುವಿನ ವರ್ಷಗಳನ್ನು ಗುರುತಿಸುವುದು ಹೇಗೆ? ಮುಂಬಯಿಯ ನಾಣ್ಯಗಳಲ್ಲಿ ಇಸವಿಯ ಹತ್ತಿರ ಸಾಸಿವೆಗಿಂತ ಚಿಕ್ಕ ಚುಕ್ಕಿಗಳನ್ನು ಕೂರಿಸಿದ್ದಾರೆ. ಚುಕ್ಕಿ ಎಣಿಸಿಯೇ ವರ್ಷ ಹೇಳಬೇಕು. ಸವೆದ ನಾಣ್ಯದಲ್ಲಿ ಮೊದಲು ಮಾಯವಾಗುವುದೂ ಅದೇ ಚುಕ್ಕಿ. ಬೂದಿ ಹಾಕಿ ತಿಕ್ಕಿದರೆ ಏನಾಗುತ್ತದೆ ಅಂತ ಈಗ ನೀವೇ ಊಹಿಸಿಕೊಳ್ಳಿ.

ಟಿಪ್ಪುವಿನ ತಾಮ್ರದ ಪೈಸೆ ನಮ್ಮ ಕಡೆ ಆಗಾಗ ಕಾಣಸಿಗುತ್ತದೆ, ಒಂದು ಬದಿ ಆನೆ ಇರುವಂಥದ್ದು. ಅವನು ಪಟ್ಟಕ್ಕೆ ಬಂದು ಕೆಲವು ವರ್ಷದ ಮೇಲೆ ತಂದ, ಮೌಲೂದಿ ಎಂಬ ತನ್ನದೇ ಲೆಕ್ಕದ ವರ್ಷದಲ್ಲಿ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ್ದಾನೆ. 1226 ಎಂಬುದು ನಮ್ಮ ಕಣ್ಣಿಗೆ 6221 ಅಂತ ಕಾಣುತ್ತದೆ. ಗೊತ್ತಿಲ್ಲದವರು ‘ಇಸವಿ ತಪ್ಪಾಗಿದೆ’ ಅಂತ ಪಕ್ಕಕ್ಕೆ ಇಡುತ್ತಾರೆ.

3. ಯಾವುದು ಅಪರೂಪ, ಯಾವುದು ಅಲ್ಲ

ಎಷ್ಟು ಅಚ್ಚು ಹಾಕಿದರು ಅನ್ನುವುದು ಒಂದು ಲೆಕ್ಕ. ಎಷ್ಟು ಉಳಿದವು ಅನ್ನುವುದೇ ನಿಜವಾದ ಲೆಕ್ಕ.

1911ರ ರೂಪಾಯಿ ನೋಡಿ. ಐದನೇ ಜಾರ್ಜ್‌ನ ನಿಲುವಂಗಿಯ ಸರದಲ್ಲಿ ಒಂದು ಆನೆ ಇದೆ. ಅದರ ಸೊಂಡಿಲು ಮೊಂಡಾಗಿ, ಕಾಲು ಗಿಡ್ಡವಾಗಿ ಬಂದು, ಜನರಿಗೆ ಅದು ಹಂದಿಯ ಹಾಗೆ ಕಂಡಿತು. ಮುಸ್ಲಿಮರಿಗೆ ನೋವಾಯಿತು. ಸರಕಾರ ನಾಣ್ಯ ವಾಪಸ್ ತೆಗೆದುಕೊಂಡಿತು. ಸುಮಾರು 94 ಲಕ್ಷ ಅಚ್ಚಾಗಿತ್ತು, ಜನರ ಕೈಗೆ ಹೋದದ್ದು ಸುಮಾರು 7 ಲಕ್ಷ ಮಾತ್ರ, ಉಳಿದದ್ದು ಕರಗಿತು. 1912ರ ನಾಣ್ಯದಲ್ಲಿ ಸೊಂಡಿಲು ಸರಿಯಾಗಿ ಇಳಿದಿದೆ. ಇವತ್ತಿಗೂ ಇದಕ್ಕೆ ‘ಹಂದಿ ರೂಪಾಯಿ’ ಅಂತಲೇ ಹೆಸರು. ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡುತ್ತೇನೆ: ಇದು ಹುಡುಕಿದರೆ ಸಿಗುವ ನಾಣ್ಯ. ಲಕ್ಷಗಟ್ಟಲೆ ಕೊಡುತ್ತೇವೆ ಅನ್ನುವ ಮಾತು ನಂಬಬೇಡಿ. ಸವೆಯದ, ತಿಕ್ಕದ ಒಂದು ಸಿಗುವುದು ಮಾತ್ರ ಕಷ್ಟ.

ಆರನೇ ಜಾರ್ಜ್‌ನ 1939ರ ಬೆಳ್ಳಿ ರೂಪಾಯಿ ಬೇರೆಯೇ ಕಥೆ. ಅದು ನಿಜವಾಗಿ ಅಪರೂಪ. ಹಳೆ ಗುಣಮಟ್ಟದ, ಅಂದರೆ ನೂರಕ್ಕೆ ಸುಮಾರು 91.7 ಬೆಳ್ಳಿ ಇರುವ ರೂಪಾಯಿಗಳಲ್ಲಿ ಅದೇ ಕೊನೆಯ ಇಸವಿ. 1940ರಿಂದ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. ಯುದ್ಧದ ಕಾಲದಲ್ಲಿ ಒಳ್ಳೆ ಬೆಳ್ಳಿಯ ನಾಣ್ಯ ಹೆಚ್ಚಿನದೂ ಕುಲುಮೆಗೆ ಹೋಯಿತು. ಐದನೇ ಜಾರ್ಜ್‌ನ ಸಾಲಿನಲ್ಲಿ ಕಷ್ಟ ಕೊಡುವವು 1921 ಮತ್ತು 1922ರ ಮುಂಬಯಿಯವು.

ನಮ್ಮ ಕರಾವಳಿಯದ್ದೇ ಆದ ಒಂದನ್ನು ಹೇಳದೆ ಮುಂದೆ ಹೋಗಲಾರೆ. ಈಸ್ಟ್ ಇಂಡಿಯಾ ಕಂಪನಿಯವರು ತಲಶ್ಶೇರಿ ವ್ಯಾಪಾರಕ್ಕೆ ಹೊಡೆಸಿದ ಪುಟಾಣಿ ಬೆಳ್ಳಿ ಪಣ, ಐದು ಸೇರಿದರೆ ಒಂದು ರೂಪಾಯಿ. ಅದರ ಮೇಲೆ ‘ಟಿ’ ಅಕ್ಷರ, ಜೊತೆಗೆ ‘99’. ಟಿ ಅಂದರೆ ತಲಶ್ಶೇರಿ, 99 ಅಂದರೆ 1799. ಶ್ರೀರಂಗಪಟ್ಟಣ ಬಿದ್ದ ವರ್ಷ, ನಮ್ಮ ಬೇಕಲ ಕೋಟೆ ಕಂಪನಿಯ ಕೈಗೆ ಹೋದ ಕಾಲ. ಬೆರಳ ತುದಿಯಲ್ಲಿ ಕೂರುವಷ್ಟು ಚಿಕ್ಕದು, ಗುಜರಿ ಬೆಳ್ಳಿಯಲ್ಲಿ ಸೇರಿ ಎಷ್ಟು ಕರಗಿಹೋಗಿದೆಯೋ.

ಅಪರೂಪ ಅಲ್ಲದ್ದು ಯಾವುದು? ವೈಷ್ಣೋದೇವಿ ಚಿತ್ರದ ಐದು, ಹತ್ತು ರೂಪಾಯಿ ಅಪರೂಪ ಅಲ್ಲ. ‘ಈಸ್ಟ್ ಇಂಡಿಯಾ ಕಂಪನಿ 1818’ ಅಂತ ಬರೆದು ರಾಮ, ಸೀತೆ, ಹನುಮಂತನ ಚಿತ್ರ ಇರುವ ಬಿಲ್ಲೆಗಳಂತೂ ನಾಣ್ಯವೇ ಅಲ್ಲ. ಕಂಪನಿ ಅಂಥದ್ದನ್ನು ಹೊಡೆಸಲೇ ಇಲ್ಲ. ಅವನ್ನು ದೇವರ ಗೂಡಿನಲ್ಲಿ ಭಕ್ತಿಯಿಂದ ಇಟ್ಟುಕೊಳ್ಳಿ, ಹಣ ಮಾತ್ರ ಸುರಿಯಬೇಡಿ.

4. ಎಲ್ಲಿ ಹುಡುಕುವುದು

ಮನೆಯಿಂದ ಶುರು ಮಾಡಿ. ಮುಡಿಪಿನ ಗಂಟು, ಅಕ್ಕಿ ಕಳಸೆಯ ತಳ, ಕಪಾಟಿನ ಗುಟ್ಟಿನ ಅರೆ, ಪಂಚಾಂಗದ ಪೆಟ್ಟಿಗೆ. ಆಮೇಲೆ ನೆಂಟರ ಮನೆ. ಕೇಳುವಾಗ ‘ಹಳೆ ನಾಣ್ಯ ಉಂಟಾ’ ಅಂದರೆ ಇಲ್ಲ ಅನ್ನುತ್ತಾರೆ. ‘ಒಟ್ಟೆ ಮುಕ್ಕಾಲು ಉಂಟಾ, ಪಾವಲಿ ಉಂಟಾ’ ಅಂತ ಕೇಳಿ, ಅಂದರೆ ನಡುವೆ ತೂತಿರುವ ಕಾಸು, ನಾಲ್ಕಾಣೆ. ಹಿರಿಯರ ಮುಖ ಅರಳುತ್ತದೆ, ಡಬ್ಬಿ ಹೊರಗೆ ಬರುತ್ತದೆ.

ಸಣ್ಣ ಊರಿನ ಬೆಳ್ಳಿ ಅಂಗಡಿಗಳು ಎರಡನೇ ಜಾಗ. ಕರಗಿಸಲು ಬಂದ ರೂಪಾಯಿಗಳನ್ನು ಅವರು ತೂಕಕ್ಕೆ ಕೊಡುತ್ತಾರೆ. ಸರಕ್ಕೆ ಕೊಂಡಿ ಬೆಸೆದಿದ್ದ ರೂಪಾಯಿಗಳು ಅಲ್ಲಿ ಜಾಸ್ತಿ. ಅಂಚಿನಲ್ಲಿ ಬೆಸುಗೆಯ ಗಂಟು ಕಂಡರೆ, ಇಸವಿ ಎಷ್ಟೇ ಅಪರೂಪದ್ದಾದರೂ, ಬೆಳ್ಳಿಯ ಬೆಲೆಗಿಂತ ಹೆಚ್ಚು ಕೊಡಬೇಡಿ.

ನೆಲದಲ್ಲಿ ಸಿಕ್ಕಿದ್ದನ್ನು ಮಾತ್ರ ಸುಮ್ನೆ ಇಟ್ಟುಕೊಳ್ಳುವ ಹಾಗಿಲ್ಲ. ತೋಟಕ್ಕೆ ಗುಂಡಿ ತೆಗೆಯುವಾಗ ನಿಧಿ ಸಿಕ್ಕರೆ ಅಧಿಕಾರಿಗಳಿಗೆ ತಿಳಿಸಬೇಕು ಅನ್ನುತ್ತದೆ ಕಾನೂನು. ಕೇರಳದಲ್ಲಿ ಇದಕ್ಕೆ 1968ರ ಪ್ರತ್ಯೇಕ ಕಾಯ್ದೆ ಇದೆ. 2024ರ ಜುಲೈಯಲ್ಲಿ ಕಣ್ಣೂರು ಜಿಲ್ಲೆಯ ಚೆಂಗಳಾಯಿಯಲ್ಲಿ ಮಳೆನೀರಿನ ಗುಂಡಿ ತೋಡುತ್ತಿದ್ದ ಉದ್ಯೋಗ ಖಾತರಿ ಕೆಲಸದ ಹೆಂಗಸರಿಗೆ ಒಂದು ಪಾತ್ರೆ ಸಿಕ್ಕಿತು. ಒಳಗೆ ಆಭರಣ, ನಾಣ್ಯ. ಅವರು ಪೊಲೀಸರಿಗೆ ಹೇಳಿದರು. ವೆನಿಸ್ಸಿನ ಚಿನ್ನದ ನಾಣ್ಯ, ಕಣ್ಣೂರಿನ ಆಲಿ ರಾಜರ ಪಣ ಅದರಲ್ಲಿತ್ತು ಅಂತ ನಮಗೆ ಗೊತ್ತಾದದ್ದು ಅವರು ಹಾಗೆ ಮಾಡಿದ್ದರಿಂದ. ಹಂಚಿಕೊಂಡು ಕರಗಿಸಿದ್ದರೆ ಆ ಕಥೆಯೇ ಇರುತ್ತಿರಲಿಲ್ಲ.

ಗಲ್ಫಿನಲ್ಲಿರುವವರಿಗೆ ಒಂದು ಕಿವಿಮಾತು. ನೂರು ವರ್ಷ ದಾಟಿದ ನಾಣ್ಯ 1972ರ ಪ್ರಾಚ್ಯವಸ್ತು ಕಾಯ್ದೆಯ ಒಳಗೆ ಬರುತ್ತದೆ, ಅನುಮತಿ ಇಲ್ಲದೆ ದೇಶದ ಹೊರಗೆ ಒಯ್ಯುವಂತಿಲ್ಲ. ದುಬಾಯಿಯ ಫ್ಲಾಟಿನಲ್ಲಿ ಫ್ರೇಮ್ ಹಾಕಿಸೋಣ ಅಂತ ಅಜ್ಜನ ವಿಕ್ಟೋರಿಯಾ ರೂಪಾಯಿಯನ್ನು ಸೂಟ್‌ಕೇಸಿಗೆ ಹಾಕಬೇಡಿ. ಫೋಟೊ ತೆಗೆದುಕೊಂಡು ಹೋಗಿ.

ಫೋನಿನಲ್ಲಿ ಬರುವ ‘ನಿಮ್ಮ ಹಳೆ ನಾಣ್ಯಕ್ಕೆ ಹತ್ತು ಲಕ್ಷ, ಮೊದಲು ನೋಂದಣಿ ಶುಲ್ಕ ಕಟ್ಟಿ’ ಅನ್ನುವ ಸಂದೇಶ ಮೋಸವೇ. ತನ್ನ ಹೆಸರು ಹೇಳಿ ಹೀಗೆ ಕಮಿಷನ್ ಕೇಳುವವರಿದ್ದಾರೆ ಅಂತ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿತ್ತು.

5. ಅಸಲಿಯೋ ನಕಲಿಯೋ

ನಾನು ಕೊಂಡ ಮೊದಲ 1939 ಒಂದು ನಾಣ್ಯ ಮೇಳದಲ್ಲಿ ಸಿಕ್ಕಿತು. ಜನಜಂಗುಳಿ, ಮಬ್ಬು ಬೆಳಕು, ‘ಇನ್ನೊಬ್ಬರು ಕೇಳಿ ಹೋಗಿದ್ದಾರೆ’ ಅನ್ನುವ ಮಾತು. ದುಡ್ಡು ಕೊಟ್ಟೆ. ಮನೆಗೆ ಬಂದು ಕಿಟಕಿ ಬೆಳಕಿನಲ್ಲಿ ಲೆನ್ಸ್ ಹಿಡಿದರೆ ಕೊನೆಯ 9ರ ಹೊಟ್ಟೆಯ ಎಡಭಾಗದಲ್ಲಿ ಲೋಹ ಕೆರೆದ ಗುರುತು. 1938ರ 8ನ್ನು ಕೆರೆದು 9 ಮಾಡಿದ್ದರು. ಆವತ್ತಿನಿಂದ ನನಗೊಂದು ನಿಯಮ: ಅಪರೂಪದ ಇಸವಿಯಾದರೆ ಮೊದಲು ಕೊನೆಯ ಅಂಕಿ, ಆಮೇಲೆ ರಾಜನ ಮುಖ. ಅಂಕಿಯ ಸುತ್ತಲಿನ ನೆಲ ಉಳಿದ ಕಡೆಯ ಹಾಗೇ ನುಣುಪಾಗಿದೆಯಾ? ಅಂಕಿಗಳ ದಪ್ಪ ಒಂದೇ ಇದೆಯಾ?

ಮುಂದಿನದು ತೂಕ. ಬೆಳ್ಳಿ ರೂಪಾಯಿ ಸರಿಯಾಗಿ ಒಂದು ತೊಲ, 11.66 ಗ್ರಾಂ. ಸವೆದದ್ದು ಸ್ವಲ್ಪ ಕಡಿಮೆ ಬರಬಹುದು. ಜಾಸ್ತಿ ಬಂದರೆ ಅನುಮಾನ ಪಡಿ. 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಹೆಚ್ಚು ಬೆಲೆಯದ್ದಲ್ಲ.

ಆ ತಕ್ಕಡಿ ಇದ್ದರೆ ನೀರಿನ ಪರೀಕ್ಷೆಯನ್ನೂ ಮಾಡಬಹುದು. ಹಗುರವಾದ ಲೋಟದಲ್ಲಿ ಅರ್ಧ ನೀರು ಹಾಕಿ ತಕ್ಕಡಿಯ ಮೇಲಿಡಿ. ಬಾವಿ ನೀರು ಬೇಡ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಳ್ಳೆಯದು. ತಕ್ಕಡಿಯನ್ನು ಸೊನ್ನೆಗೆ ತನ್ನಿ. ನಾಣ್ಯಕ್ಕೆ ತೆಳ್ಳನೆ ನೂಲು ಸುತ್ತಿ, ಕೈಯಲ್ಲಿ ಹಿಡಿದು, ಪೂರ್ತಿ ಮುಳುಗುವ ಹಾಗೆ ನೀರಿಗೆ ಇಳಿಸಿ. ತಳಕ್ಕೆ, ಬದಿಗೆ ತಾಗಬಾರದು. ಈಗ ತಕ್ಕಡಿ ತೋರಿಸುವ ಅಂಕಿ ನೋಡಿ. ಒಳ್ಳೆ ಬೆಳ್ಳಿಯ ರೂಪಾಯಿಯಾದರೆ 1.13ರ ಹತ್ತಿರ. 1940ರಿಂದ 1945ರವರೆಗಿನ ಅರ್ಧ ಬೆಳ್ಳಿಯದ್ದಾದರೆ 1.22ರ ಹತ್ತಿರ. ತಾಮ್ರ, ನಿಕಲ್ ಬೆರೆಸಿ ಬೆಳ್ಳಿ ಬಣ್ಣ ಕೊಟ್ಟದ್ದಾದರೆ 1.3. ನಾಣ್ಯಕ್ಕೆ ಒಂದು ಗೀರೂ ಬೀಳದೆ ಒಳಗಿನ ಲೋಹ ಗೊತ್ತಾಯಿತು. ಮುಗಿದ ಮೇಲೆ ಮೆತ್ತನೆ ಹತ್ತಿ ಬಟ್ಟೆಯಲ್ಲಿ ಒತ್ತಿ ನೀರು ಹೀರಿಸಿ, ಒರೆಸಬೇಡಿ.

ಅಯಸ್ಕಾಂತಕ್ಕೆ ಬೆಳ್ಳಿ ಅಂಟುವುದಿಲ್ಲ. 1947ರ ರೂಪಾಯಿ ಅಂಟಿದರೆ ಗಾಬರಿ ಬೇಡ, ಅದು ನಿಕಲ್, ಅಂಟಲೇಬೇಕು. ಎರಕದ ನಕಲಿಯಾದರೆ ಅಂಚಿನಲ್ಲಿ ಸುತ್ತಲೂ ಒಂದು ಗೆರೆ, ಮೈಮೇಲೆ ಸಣ್ಣ ಗುಳ್ಳೆ, ಅಕ್ಷರಗಳ ಮೂಲೆ ಕರಗಿದ ಬೆಲ್ಲದ ಹಾಗೆ ಮೊಂಡು.

6. ಮುಟ್ಟುವುದು, ತೊಳೆಯುವುದು

ಅಂಚು ಹಿಡಿದು ಎತ್ತಿ. ಕೆಳಗೆ ಮೆತ್ತನೆ ಬಟ್ಟೆ ಇರಲಿ, ಕೈಜಾರಿದರೆ ಸಿಮೆಂಟ್ ನೆಲಕ್ಕೆ ಬೀಳಬಾರದು.

ತೊಳೆಯುವ ವಿಷಯ ಆಗಲೇ ಹೇಳಿದೆ. ಹುಣಸೆಹುಳಿ, ಲಿಂಬೆ, ಬೂದಿ, ಟೂತ್‌ಪೇಸ್ಟ್, ಅಡುಗೆ ಸೋಡಾ ಯಾವುದೂ ಬೇಡ. ತೆಂಗಿನೆಣ್ಣೆಯೂ ಬೇಡ, ನಮ್ಮ ಕಡೆ ಅದೊಂದು ಅಭ್ಯಾಸ ಉಂಟು. ಮಣ್ಣು ಹಿಡಿದಿದ್ದರೆ ಡಿಸ್ಟಿಲ್ಡ್ ವಾಟರಿನಲ್ಲಿ ನೆನೆಹಾಕಿ, ತಾನಾಗಿ ಬಿಟ್ಟಷ್ಟು ಬಿಡಲಿ. ಹಳೆ ಪ್ಲಾಸ್ಟಿಕ್ ಆಲ್ಬಮ್ಮಿನ ಹಸಿರು ಜಿಡ್ಡು ಅಂಟಿದ್ದರೆ ಶುದ್ಧ ಅಸಿಟೋನಿನಲ್ಲಿ ಅದ್ದಿ ತೆಗೆಯಬಹುದು. ಉಗುರುಬಣ್ಣ ತೆಗೆಯುವ ದ್ರಾವಣ ಬೇಡ, ಅದರಲ್ಲಿ ಎಣ್ಣೆ, ಬಣ್ಣ, ಪರಿಮಳ ಎಲ್ಲ ಇರುತ್ತದೆ. ಕಿಟಕಿ ತೆರೆದಿಡಿ, ಒಲೆಯ ಹತ್ತಿರ ಮಾಡಬೇಡಿ.

7. ನಮ್ಮ ಮಳೆಗಾಲ

ಒಣ ಊರಿನವರು ಬರೆದ ಸಲಹೆ ನಮಗೆ ಸಾಲುವುದಿಲ್ಲ. ಜೂನ್ ಬಂತೆಂದರೆ ಚಪ್ಪಲಿಗೆ ಬೂಸಲು, ಉಪ್ಪಿನ ಭರಣಿಯಲ್ಲಿ ನೀರು. ಕುಂಬಳೆ, ಮಂಜೇಶ್ವರದ ಕಡಲ ಬದಿಯಾದರೆ ಗಾಳಿಯಲ್ಲೇ ಉಪ್ಪು. ಇಲ್ಲಿ ಕಳ್ಳನಿಗಿಂತ ತೇವಕ್ಕೆ ಹೆಚ್ಚು ಹೆದರಬೇಕು.

ಅಗ್ಗದ ಮೆತ್ತನೆ ಪಿವಿಸಿ ಆಲ್ಬಮ್ ಮೊದಲ ಶತ್ರು. ಸೆಖೆಗೆ, ತೇವಕ್ಕೆ ಅದು ಬೆವರುತ್ತದೆ, ಹಸಿರು ಜಿಡ್ಡು ಬಿಡುತ್ತದೆ, ಅದು ನಾಣ್ಯವನ್ನು ತಿನ್ನುತ್ತದೆ. ಮೂಸಿ ನೋಡಿ: ಹೊಸ ರೈನ್‌ಕೋಟಿನ ವಾಸನೆ ಬಂದರೆ ಕೊಳ್ಳಬೇಡಿ. ಮೈಲಾರ್ ಎಂಬ ಪಾರದರ್ಶಕ ಹಾಳೆಯ ಕಿಟಕಿ ಇರುವ ಆಮ್ಲರಹಿತ ರಟ್ಟಿನ ಚೌಕ ತನ್ನಿ. ಅಪರೂಪದ್ದಕ್ಕೆ ಗಟ್ಟಿ ಪ್ಲಾಸ್ಟಿಕ್ಕಿನ ದುಂಡನೆ ಕ್ಯಾಪ್ಸೂಲ್. ರಟ್ಟಿಗೆ ಸ್ಟೇಪ್ಲರ್ ಪಿನ್ ಹೊಡೆದರೆ ಆಟಿ ತಿಂಗಳಿಗೆ ಪಿನ್ ತುಕ್ಕು ಹಿಡಿದು ಪಕ್ಕದ ನಾಣ್ಯಕ್ಕೂ ಅಂಟುತ್ತದೆ. ಅಂಟು ಇರುವ ರಟ್ಟು ತೆಗೆದುಕೊಳ್ಳಿ. ರಬ್ಬರ್ ಬ್ಯಾಂಡ್, ನ್ಯೂಸ್‌ಪೇಪರ್, ಮರದ ಪೆಟ್ಟಿಗೆ ಬೆಳ್ಳಿಯನ್ನು ಕಪ್ಪಾಗಿಸುತ್ತವೆ. ಕಪಾಟಿನ ನುಸಿಗುಳಿಗೆಯೂ ಹತ್ತಿರ ಬೇಡ, ಅದರ ಆವಿ ಕೆಲವು ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ.

ಪ್ಯಾಕ್ ಮಾಡುವ ಕಾಲವೂ ಮುಖ್ಯ. ಮಳೆ ಸುರಿಯುವಾಗ ಡಬ್ಬಿ ಮುಚ್ಚಿದರೆ ತೇವವನ್ನೇ ಒಳಗೆ ಕೂಡಿಹಾಕಿದ ಹಾಗೆ. ಹಲಸಿನ ಹಪ್ಪಳ ಒಣಗಿಸುವ ದಿನಗಳಲ್ಲಿ, ಏಪ್ರಿಲ್ ಹೊತ್ತಿಗೆ, ಒಂದು ಬಿಸಿಲಿನ ಮಧ್ಯಾಹ್ನ ಎಲ್ಲವನ್ನೂ ನೆರಳಿನಲ್ಲಿ ಹರಡಿ, ಆರಿಸಿ, ಗಾಳಿ ಹೋಗದ ಡಬ್ಬಿಗೆ ಹಾಕಿ. ಜೊತೆಗೆ ಸಿಲಿಕಾ ಜೆಲ್. ಬಣ್ಣ ಬದಲಾಗುವ ಬಗೆಯದ್ದಾದರೆ ಯಾವಾಗ ತೇವ ಕುಡಿಯಿತು ಅಂತ ಕಣ್ಣಿಗೇ ಕಾಣುತ್ತದೆ, ಬಿಸಿ ಮಾಡಿ ಮತ್ತೆ ಬಳಸಬಹುದು. ಡಬ್ಬಿಯ ಒಳಗೆ ಒಂದು ಪುಟ್ಟ ತೇವಮಾಪಕ ಇಟ್ಟರೆ ಇನ್ನೂ ನೆಮ್ಮದಿ. ಮಳೆ ಮುಗಿಯುವ ತನಕ ಆಗಾಗ ತೆರೆದು ನೋಡುವ ಆಸೆ ಹಿಡಿದಿಟ್ಟುಕೊಳ್ಳಿ.

ತಾಮ್ರದ ನಾಣ್ಯದ ಮೇಲೆ ತಿಳಿಹಸಿರು ಪುಡಿ ಚುಕ್ಕಿ ಕಂಡರೆ, ಒರೆಸಿದರೂ ಮತ್ತೆ ಬಂದರೆ, ಕೂಡಲೆ ಬೇರೆ ಡಬ್ಬಿಗೆ ಹಾಕಿ. ಉಪ್ಪಿನಿಂದ ಬರುವ ಕಿಲುಬು ಅದು, ಒಳಗೊಳಗೇ ತಿನ್ನುತ್ತದೆ. ಗಟ್ಟಿಯಾಗಿ ಅಂಟಿಕೊಂಡ ಕಡುಹಸಿರು ಪದರ ಬೇರೆ, ಅದನ್ನು ಕೆದಕಬೇಡಿ.

8. ಬರೆದಿಡಿ

ಒಂದು ನೋಟ್‌ಬುಕ್ ಸಾಕು. ಇಸವಿ, ಟಂಕಸಾಲೆ, ತೂಕ, ಎಲ್ಲಿಂದ ಬಂತು, ಎಷ್ಟು ಕೊಟ್ಟಿರಿ. ‘ಎಲ್ಲಿಂದ ಬಂತು’ ಅನ್ನುವ ಕಾಲಂ ಖಾಲಿ ಬಿಡಬೇಡಿ. ‘ಅಜ್ಜಿಯ ಮುಡಿಪು’ ಅಂತ ಬರೆದದ್ದು ನಾಳೆ ಮೊಮ್ಮಕ್ಕಳಿಗೆ ಬೇಕಾಗುತ್ತದೆ. ಪ್ರತಿ ನಾಣ್ಯದ ಎರಡೂ ಬದಿ ಫೋಟೊ ತೆಗೆಯಿರಿ. ಫ್ಲ್ಯಾಶ್ ಬೇಡ. ಬೆಳಗ್ಗಿನ ಹೊತ್ತು, ಕಿಟಕಿಯ ಬೆಳಕು ಒಂದು ಬದಿಯಿಂದ ಓರೆಯಾಗಿ ಬೀಳುವಾಗ ಚುಕ್ಕಿಗಳೂ ಎದ್ದು ಕಾಣುತ್ತವೆ.

9. ನಾಲ್ಕು ಜನರಿಗೆ ತೋರಿಸುವುದು

ಡಬ್ಬಿಯಲ್ಲೇ ಇದ್ದರೆ ಸುಖವಿಲ್ಲ. ಶಾಲೆಯ ವಾರ್ಷಿಕೋತ್ಸವ, ಊರಿನ ಗ್ರಂಥಾಲಯ, ಜಾತ್ರೆಯ ಹೊತ್ತಿನ ಒಂದು ಮೂಲೆ, ಎಲ್ಲಿ ಬೇಕಾದರೂ ಮಾಡಬಹುದು. ದಶಂಬರದಿಂದ ಮಾರ್ಚಿಯವರೆಗೆ ಒಳ್ಳೆ ಕಾಲ. ಮೊದಲು ಒಮ್ಮೆ ಉಡುಪಿಗೆ ಹೋಗಿ, ಕಾರ್ಪೊರೇಶನ್ ಬ್ಯಾಂಕ್ ಕಟ್ಟಿದ ಹಾಜಿ ಅಬ್ದುಲ್ಲಾ ಸಾಹೇಬರ ಹಳೆ ಮನೆಯಲ್ಲಿ ಆ ಬ್ಯಾಂಕಿನವರು ಮಾಡಿದ ನಾಣ್ಯ ಸಂಗ್ರಹಾಲಯ ನೋಡಿ ಬನ್ನಿ. ಎರಡೂ ಬದಿ ಕಾಣುವ ಹಾಗೆ ಇಡುವುದು ಹೇಗೆ, ಬೆಳಕು ಎಲ್ಲಿಂದ ಬರಬೇಕು, ಇಂಥದ್ದನ್ನು ನೋಡಿಯೇ ಕಲಿಯಬೇಕು.

ಇನ್ನೂರು ನಾಣ್ಯ ಹರಡಬೇಡಿ. ಇಪ್ಪತ್ತು ಸಾಕು. ಜನ ನಿಲ್ಲುವುದು ಕಥೆ ಇರುವ ಕಡೆ. ನಾನು ಯಾವಾಗಲೂ ಮೊದಲಿಗೆ ಇಡುವುದು 1911 ಮತ್ತು 1912, ಪಕ್ಕಪಕ್ಕದಲ್ಲಿ. ಎರಡರ ಹಿಂದೆಯೂ ಆನೆಯ ಭಾಗ ಮಾತ್ರ ದೊಡ್ಡದು ಮಾಡಿದ ಫೋಟೊ, ಅಂಗೈಯಗಲ. ಚೀಟಿಯಲ್ಲಿ ಒಂದೇ ಪ್ರಶ್ನೆ: ‘ಇದು ಆನೆಯೋ, ಹಂದಿಯೋ?’ ಮಕ್ಕಳು ಅಲ್ಲಿಂದ ಕದಲುವುದಿಲ್ಲ. ಅಜ್ಜಿಯ 1911 ಗೀರು ಬಿದ್ದದ್ದಾದರೂ ಅದನ್ನೇ ಇಡುತ್ತೇನೆ. ಪಕ್ಕದಲ್ಲಿ ತಿಕ್ಕದ ಇನ್ನೊಂದು ರೂಪಾಯಿ, ಜೊತೆಗೆ ಒಂದು ಲೆನ್ಸ್. ತಿಕ್ಕಿದರೆ ಏನಾಗುತ್ತದೆ ಅಂತ ಅವರೇ ನೋಡಿಕೊಳ್ಳುತ್ತಾರೆ.

ಎರಡನೇ ಗುಂಪು ಅಕ್ಷರಗಳದ್ದು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ನಾಣ್ಯದ ಮೇಲೆ ಕನ್ನಡ ಅಕ್ಷರ ಇದೆ, ‘ಮಯಿಲಿ ಕಾಶು’ ಅಂತ ಓದಬಹುದು. ಇನ್ನೂರು ವರ್ಷದ ಹಿಂದಿನ ದುಡ್ಡಿನ ಮೇಲೆ ತನ್ನ ಶಾಲೆಯ ಅಕ್ಷರವನ್ನೇ ಕಂಡ ಮಗುವಿನ ಮುಖ ನೋಡಬೇಕು ನೀವು. ಗಡಿಯ ಈಚೆ ಕನ್ನಡ ಶಾಲೆಗೆ ಹೋಗುವ ಮಕ್ಕಳಿಗೆ ಅದು ದೊಡ್ಡ ಸಂಗತಿ. ಚೀಟಿಗಳನ್ನು ಮಾತ್ರ ಕನ್ನಡ, ಮಲಯಾಳ ಎರಡರಲ್ಲೂ ಬರೆಯಿರಿ. ನೋಡಲು ಬರುವವರು ಎರಡೂ ಕಡೆಯವರು, ಅಕ್ಕಪಕ್ಕದ ಮನೆಯವರು.

ಮುಟ್ಟಲು ಒಂದು ತಟ್ಟೆ ಬೇರೆಯೇ ಇಡಿ. 1943ರಿಂದ 1947ರವರೆಗಿನ ಒಟ್ಟೆ ಮುಕ್ಕಾಲು ಅದಕ್ಕೆ ಸರಿ. ಯುದ್ಧಕಾಲದಲ್ಲಿ ಲೋಹ ಉಳಿಸಲು ನಡುವೆ ತೂತು ಬಿಟ್ಟ ಸಾಮಾನ್ಯ ನಾಣ್ಯ. ಮೂರು ಪೈಸೆಯ ಆರು ಮೂಲೆಯ ಬಿಲ್ಲೆಯೂ ಇರಲಿ. ಕೈಗೆ ಏನಾದರೂ ಸಿಕ್ಕರೆ ಗಾಜಿನ ಮೇಲೆ ಬೆರಳು ಒತ್ತುವುದು ಕಡಿಮೆಯಾಗುತ್ತದೆ. ಹಿರಿಯರಂತೂ ಅದನ್ನು ಹಿಡಿದುಕೊಂಡೇ ಮಾತಿಗೆ ಕೂರುತ್ತಾರೆ, ಅವರು ಹೇಳುವುದನ್ನು ಆಗಲೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

ಅಪರೂಪದ್ದು ಕ್ಯಾಪ್ಸೂಲಿನಲ್ಲಿ, ಬೀಗ ಇರುವ ಗಾಜಿನ ಪೆಟ್ಟಿಗೆಯಲ್ಲಿ ಇರಲಿ. ಬಿಸಿಲು ಬೀಳದ ಜಾಗ, ಬಿಸಿಯಾಗದ ಎಲ್‌ಇಡಿ ದೀಪ. ಮೇಜಿನ ಹತ್ತಿರ ಯಾವಾಗಲೂ ಇಬ್ಬರು ಇರಬೇಕು, ಒಬ್ಬರು ವಿವರಿಸಲು, ಒಬ್ಬರು ನೋಡಿಕೊಳ್ಳಲು. ಮನೆಯ ವಿಳಾಸ, ನಾಣ್ಯದ ಬೆಲೆ ಚೀಟಿಯಲ್ಲಿ ಬೇಡ. ಇಡುವ ಮೊದಲು ಮೇಜಿನ ಒಂದು ಫೋಟೊ ತೆಗೆಯಿರಿ, ಸಂಜೆ ಅದನ್ನು ಹಿಡಿದು ಒಂದೊಂದಾಗಿ ಎಣಿಸಿ ತೆಗೆಯಿರಿ. ಮನೆಗೆ ಬಂದ ಕೂಡಲೆ ಡಬ್ಬಿಗೆ ಹಾಕಬೇಡಿ. ಜನರ ಉಸಿರು, ಸಂಜೆಯ ಮಂಜು ಎಲ್ಲ ಕ್ಯಾಪ್ಸೂಲಿನ ಮೇಲೆ ಕೂತಿರುತ್ತದೆ. ಒಂದು ರಾತ್ರಿ ಒಣ ಕೋಣೆಯಲ್ಲಿ ಬೀಗ ಹಾಕಿ ಇಟ್ಟು, ಮರುದಿನ ಬಿಸಿಲು ಏರಿದ ಮೇಲೆ ಹೊಸ ಸಿಲಿಕಾ ಜೆಲ್ ಹಾಕಿ ಮುಚ್ಚಿ.